ಮೂರು ಮನೆ ಕೆಳಗಿನ ಶ್ರುತಿ

ಮಾರ್ಚ್ ೩, ಸೋಮವಾರ

ಬೆಳಗ್ಗೆ ಒಂಬತ್ತಕ್ಕೆ ನನ್ನ ಧ್ವನಿತಂತುವಿನ ಮೇಲಿದ್ದ ಸಾಸಿವೆ ಕಾಳಿನಷ್ಟು ಗಂಟನ್ನು ಕತ್ತರಿಸಿ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಮನೆಗೆ ಕಳಿಸಿದರು. ಡಾಕ್ಟರಮ್ಮ ಒಂದೊಂದೇ ಬೆರಳು ಮಡಿಸುತ್ತ ಹೇಳಿದ್ದು ಇಷ್ಟು: ಹದಿನೈದು ದಿನ ಒಂದು ಮಾತೂ ಇಲ್ಲ. ಪಿಸುಮಾತೂ ಇಲ್ಲ. ಕೆಮ್ಮು ಬಂದರೆ ನೀರು ಕುಡಿಯಬೇಕು. ಆರು ವಾರ ಹಾಡುವ ಯೋಚನೆಯನ್ನೇ ಮಾಡಬಾರದು. ಮಡಿಸದೆ ಉಳಿದಿದ್ದ ಐದನೆಯ ಬೆರಳನ್ನು ನಾನು ತೋರಿಸಿದೆ. ಅವರು ಕಿಟಕಿಯ ಕಡೆ ನೋಡಿ, "ಆಮೇಲೆ ನೋಡೋಣ" ಅಂದರು. ಡಾಕ್ಟರುಗಳು ಕಿಟಕಿಯ ಕಡೆ ನೋಡಿದರೆ ನನಗೆ ಸರಿಬರುವುದಿಲ್ಲ.

ಏಳನೆಯ ವಯಸ್ಸಿನಿಂದ ಜಾಝ್ ಹಾಡುತ್ತಿದ್ದೇನೆ. ನಲವತ್ತು ವರ್ಷ. ಇಷ್ಟು ವರ್ಷದಲ್ಲಿ ಒಂದು ಇಡೀ ದಿನ ಬಾಯಿ ಮುಚ್ಚಿಕೊಂಡಿದ್ದ ನೆನಪಿಲ್ಲ. ಮಾತಾಡುವ ಹಾಗಿಲ್ಲ, ಬರೆಯುವುದಕ್ಕೇನೂ ಅಡ್ಡಿಯಿಲ್ಲವಲ್ಲ. ಹಾಗಾಗಿ ಈ ಪುಸ್ತಕ. ಇದು ಯಾರೂ ಓದಬೇಕಾದ್ದಲ್ಲ.

ಮೇ ಹತ್ತಕ್ಕೆ ಕಾರ್ಯಕ್ರಮ. ಅಪ್ಪ ಕಟ್ಟಿದ ಬ್ಯಾಂಡಿಗೆ ಐವತ್ತು ವರ್ಷ ತುಂಬುತ್ತದೆ. ನಾನು ಹಾಡದಿದ್ದರೆ ಅದು ಬರೀ ಭಾಷಣದ ಸಭೆ.

ನೋಡಿಕೊಳ್ಳಲು ಅಮ್ಮ ಬಂದಿದ್ದಾಳೆ, ತನ್ನ ಮನೆಗೆ ಬೀಗ ಹಾಕಿಕೊಂಡು, ಒಂದು ಚೀಲ ಬಟ್ಟೆ, ಹೊಲಿಗೆ ಯಂತ್ರದ ಸಮೇತ. ಎಪ್ಪತ್ತಮೂರು ವರ್ಷದವಳು ಆ ಯಂತ್ರವನ್ನು ಮೂರು ಮಹಡಿ ಹೇಗೆ ಹತ್ತಿಸಿದೆ ಅಂತ ಸ್ಲೇಟಿನಲ್ಲಿ ಬರೆದು ಕೇಳಿದೆ. "ಒಂದೊಂದೇ ಮೆಟ್ಟಿಲು" ಅಂದಳು.

ಮಾರ್ಚ್ ೫, ಬುಧವಾರ

ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಎತ್ತರದ ಪ್ರಕಾರ ಜೋಡಿಸಿದೆ. ಸರಿಕಾಣಲಿಲ್ಲ. ಮತ್ತೆ ಇಳಿಸಿ ಮೊದಲಿನ ಹಾಗೆ ಇಟ್ಟೆ. ಹಾಲ್‌ನಿಂದ ಮಲಗುವ ಕೋಣೆಗೆ ಹದಿನಾಲ್ಕು ಹೆಜ್ಜೆ, ವಾಪಸ್ ಬರುವಾಗ ಹದಿಮೂರು. ಯಾಕೆ ಅಂತ ಅರ್ಧ ಗಂಟೆ ನಡೆದು ನೋಡಿದರೂ ಗೊತ್ತಾಗಲಿಲ್ಲ.

ಅಮ್ಮ ಯಂತ್ರದ ಮುಂದೆ ಕೂತು ಮಾತಾಡುತ್ತಲೇ ಇರುತ್ತಾಳೆ. ಪಕ್ಕದ ಮನೆಯವರ ಬಾಗಿಲು ಕಿರುಗುಟ್ಟುವುದು, ಈಗಿನ ನೂಲು ಬೇಗ ತುಂಡಾಗುವುದು, ಏನಾದರೊಂದು. ನಾನು ಸ್ಲೇಟು ಎತ್ತಿಕೊಳ್ಳುವಷ್ಟರಲ್ಲಿ ಇನ್ನೊಂದು ವಿಷಯಕ್ಕೆ ದಾಟಿರುತ್ತಾಳೆ.

"ನಿನ್ನ ಹತ್ರ ಒಂದು ಮಾತು ಶುರು ಮಾಡಿ ಮುಗಿಸಿದ್ದು ಇದೇ ಮೊದಲ ಸಲ ಕಣೇ" ಅಂದಳು. ತಮಾಷೆಗೇ ಹೇಳಿದ್ದು. ನನಗೆ ನಗು ಬರಲಿಲ್ಲ. ನಗುವ ಹಾಗೂ ಇರಲಿಲ್ಲ.

ಮಾರ್ಚ್ ೮, ಶನಿವಾರ

ಕಾರ್ಯಕ್ರಮದ ಪುಸ್ತಿಕೆಗೆ ಅಪ್ಪನ ಬಗ್ಗೆ ಒಂದು ಪುಟ ಬೇಕಂತೆ, ನಾನೇ ಬರೆಯಬೇಕಂತೆ. ಸರಿ, ಕೈಯಲ್ಲಿ ಕೆಲಸವಾದರೂ ಇರುತ್ತದೆ.

ಅಪ್ಪ ಟ್ರಂಪೆಟ್ ನುಡಿಸುತ್ತಿದ್ದರು. ನನಗೆ ಪಾಠ ಶುರುವಾದದ್ದು ಐದು ವರ್ಷಕ್ಕೆ. ಅವರು ಗ್ರಾಮಫೋನಿನಲ್ಲಿ ಒಂದು ಹಾಡು ಹಾಕುತ್ತಿದ್ದರು, ನಾನು ಜೊತೆಗೆ ಹಾಡಬೇಕು. ನಡುವೆ ಇದ್ದಕ್ಕಿದ್ದ ಹಾಗೆ ಸದ್ದು ಪೂರ್ತಿ ಇಳಿಸಿಬಿಡುತ್ತಿದ್ದರು. ನಾನು ನಿಲ್ಲಿಸದೆ ಹಾಡಬೇಕು. ಸ್ವಲ್ಪ ಹೊತ್ತಿನ ಮೇಲೆ ಸದ್ದು ಏರಿಸಿದಾಗ ತಟ್ಟೆಯೂ ನಾನೂ ಒಂದೇ ಅಕ್ಷರದ ಮೇಲಿರಬೇಕು. ಮೊದಮೊದಲು ನಾನು ಮುಂದೆ ಓಡಿಹೋಗಿರುತ್ತಿದ್ದೆ. ಅಪ್ಪ ಬೈಯುತ್ತಿರಲಿಲ್ಲ, ಮುಳ್ಳು ಎತ್ತಿ ಮತ್ತೆ ಮೊದಲಿನಿಂದ ಇಡುತ್ತಿದ್ದರು. ಒಂದು ಭಾನುವಾರ ಇಪ್ಪತ್ತಮೂರು ಸಲ ಇಟ್ಟರು. ಇಪ್ಪತ್ತನಾಲ್ಕನೆಯ ಸಲ ಇಬ್ಬರೂ ಒಟ್ಟಿಗೆ ಸಿಕ್ಕಿದೆವು. ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟರು. ಆ ಕೈಯ ಭಾರ ಇನ್ನೂ ಇದೆ.

ಏಳಕ್ಕೆ ವೇದಿಕೆ. ಮೈಕು ಎಟುಕುತ್ತಿರಲಿಲ್ಲ, ಪೆಟ್ಟಿಗೆಯ ಮೇಲೆ ನಿಲ್ಲಿಸಿದರು. ಹಾಡಿದ್ದು ಅಪ್ಪನೇ ಕಟ್ಟಿದ ಹಾಡು, ಪ್ರಿಯಕರನನ್ನು ನೋಡಲು ಹೊರಟು ರೈಲು ತಪ್ಪಿಸಿಕೊಂಡವಳ ಹಾಡು. ನನಗೆ ರೈಲು ಮಾತ್ರ ಅರ್ಥವಾಗಿತ್ತು. ಜನ ಎದ್ದು ನಿಂತರು. ಅಲ್ಲಿಂದ ಇಲ್ಲಿಯವರೆಗೆ ಪತ್ರಿಕೆಗಳವರು ಬರೆಯುವುದು ಒಂದೇ ಮಾತು: ತಂದೆಯ ಟ್ರಂಪೆಟ್ಟನ್ನು ಗಂಟಲಲ್ಲಿಟ್ಟುಕೊಂಡು ಹುಟ್ಟಿದವಳು. ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಉಳಿದು ಹಾಡುವುದು ಅಪ್ಪನಿಂದ ಬಂದ ಬಳುವಳಿ ಅಂತ.

ನಾನು ಚಿಕ್ಕವಳಿದ್ದಾಗ ಅಮ್ಮನೂ ಬ್ಯಾಂಡಿನಲ್ಲಿ ಹಾಡುತ್ತಿದ್ದಳು. ನನ್ನನ್ನು ಮಲಗಿಸಿ ಹೋಗುತ್ತಿದ್ದಳಾದ್ದರಿಂದ ಕೇಳಿದ ನೆನಪಿಲ್ಲ. ಆಮೇಲೆ ಬೇಸರ ಬಂದು ಬಿಟ್ಟಳಂತೆ, ಬ್ಯಾಂಡಿನವರ ಕೋಟು ಹೊಲಿಯುವುದಕ್ಕೆ ಕೂತಳಂತೆ. ಅಪ್ಪ ಹೇಳುತ್ತಿದ್ದರು. ಇದನ್ನು ಪುಸ್ತಿಕೆಯಲ್ಲಿ ಹಾಕುವ ಅಗತ್ಯವಿಲ್ಲ.

ಮಾರ್ಚ್ ೧೧, ಮಂಗಳವಾರ

ಅಮ್ಮ ಹೊಲಿಯುತ್ತ ಗುನುಗುತ್ತಾಳೆ. ಇಷ್ಟು ದಿನ ನನ್ನ ಗಲಾಟೆಯಲ್ಲಿ ಗೊತ್ತಾಗಿರಲಿಲ್ಲ. ಇವತ್ತು ಆ ರೈಲಿನ ಹಾಡೇ. ತೀರಾ ಕೆಳಗಿನ ಶ್ರುತಿ, ಗಂಡಸರು ಹಾಡುವಷ್ಟು ಕೆಳಗೆ. ಯಂತ್ರ ಟಕಟಕ ಅಂತ ಮುಂದೆ ಹೋಗುತ್ತದೆ, ಅಮ್ಮ ಅವಸರವೇ ಇಲ್ಲದೆ ಹಿಂದಿನಿಂದ ಬರುತ್ತಾಳೆ. ಕೇಳಲಾಗದೆ ಸ್ಲೇಟಿನಲ್ಲಿ ಬರೆದು ತೋರಿಸಿದೆ: ತಾಳ ಹಿಂದೆ ಬೀಳ್ತಿದೆ.

ಕನ್ನಡಕ ಏರಿಸಿ ಓದಿದಳು. "ಹೌದಾ?" ಅಂದಳು. ಮತ್ತೆ ಗುನುಗಿದಳು, ಹಾಗೆಯೇ.

ಎದ್ದುಹೋಗಬೇಕು ಅಂದುಕೊಂಡೆ. ಅವಳು ಪರದೆಯ ಅಂಚು ಮುಗಿಸುವವರೆಗೆ ಅಲ್ಲೇ ಕೂತಿದ್ದೆ. ಮುಕ್ಕಾಲು ಗಂಟೆ.

ಮಾರ್ಚ್ ೧೩

ಮಲಗುವ ಕೋಣೆಗೆ ಎಂಟು ಹೆಜ್ಜೆಯಲ್ಲೂ ಮುಟ್ಟಬಹುದು, ಹಾರಿ ಹಾರಿ ಹೋದರೆ. ಕೆಳಗಿನ ಮನೆಯವರು ಬಂದು ಅಮ್ಮನಿಗೆ ಏನೋ ಹೇಳಿ ಹೋದರು.

ಮಾರ್ಚ್ ೧೮, ಮಂಗಳವಾರ

ಡಾಕ್ಟರಮ್ಮ "ಮ್" ಅನ್ನಿ ಅಂದರು. ಅಂದೆ. ಹೊರಬಂದದ್ದು ಯಾರದೋ ದನಿ. ದಿನಕ್ಕೆ ಹತ್ತು ನಿಮಿಷ ಮಾತಾಡಬಹುದಂತೆ.

ದಾರಿಯುದ್ದಕ್ಕೂ ಮೊದಲು ಏನು ಹೇಳಲಿ ಅಂತ ಯೋಚಿಸಿಕೊಂಡು ಬಂದೆ. ಮನೆಗೆ ಬಂದು ಅಮ್ಮನಿಗೆ, "ಆ ಯಂತ್ರಕ್ಕೆ ಎಣ್ಣೆ ಹಾಕು" ಅಂದೆ.

ಏಪ್ರಿಲ್ ೧೪, ಸೋಮವಾರ

ಆರು ವಾರ ಮುಗಿಯಿತು. ಪಿಯಾನೊದ ಮುಂದೆ ಕೂತು ಕೆಳಗಿನಿಂದ ಒಂದೊಂದೇ ಮನೆ ಒತ್ತಿ, ಅದರ ಸ್ವರ ಹಾಡುತ್ತ ಹತ್ತಿದೆ. ಕೆಳಗೆ ಚೆನ್ನಾಗಿದೆ. ನಡುವೆಯೂ ಇದೆ. ಮೇಲಕ್ಕೆ ಹೋದಂತೆ ಬರೀ ಗಾಳಿ, ಸ್ವರ ಇಲ್ಲ. ನೀರು ಕುಡಿದು ಹತ್ತಿದೆ. ನಿಂತು ಹತ್ತಿದೆ. ಒಂಬತ್ತು ಸಲ ಅದೇ ಜಾಗದಲ್ಲಿ ನೆಲ ಕುಸಿಯಿತು. ಅಮ್ಮ ಬಂದು ಪಿಯಾನೊದ ಮುಚ್ಚಳ ಹಾಕಿದಳು.

ಮಧ್ಯಾಹ್ನ ಡಾಕ್ಟರಮ್ಮ ಕ್ಯಾಮೆರಾ ಇಳಿಸಿ ನೋಡಿದರು. ಗಾಯ ಮಾಗಿದೆ, ಕಲೆ ಉಳಿದಿದೆ. "ಮೇಲಿನ ಸ್ವರ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಇರೋದು ಗಟ್ಟಿಯಾಗಿದೆ. ಬಲವಂತ ಮಾಡಿದ್ರೆ ಅದೂ ಹೋಗುತ್ತೆ." ಈ ಸಲ ಕಿಟಕಿಯ ಕಡೆ ನೋಡಲಿಲ್ಲ, ನನ್ನನ್ನೇ ನೋಡಿ ಹೇಳಿದರು. ಕಿಟಕಿಯೇ ವಾಸಿಯಿತ್ತು.

ಏಪ್ರಿಲ್ ೧೫, ಮಂಗಳವಾರ

ಪಿಯಾನೊದವನು ಬಂದಿದ್ದ. ಅಪ್ಪ ಹೋದ ಮೇಲೆ ಬ್ಯಾಂಡು ನಡೆಸುತ್ತಿರುವವನು ಅವನೇ. ಕಾಫಿ ಆರುವವರೆಗೆ ಕಪ್ಪು ತಿರುಗಿಸಿದ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಸಂಗೀತ ಶಾಲೆಯ ಒಬ್ಬ ಹುಡುಗಿ ಇದ್ದಾಳೆ. ಮೇಲಿನ ಸ್ವರ ಇರೋ ಹಾಡುಗಳನ್ನ ಅವಳು ಹಾಡ್ಲಿ. ನೀವು ನಡುನಡುವೆ ನಿಮ್ಮ ಅಪ್ಪಾಜಿ ಬಗ್ಗೆ ಮಾತಾಡಿ."

"ನಾನು ಯಾವಾಗಿಂದ ಭಾಷಣಗಾರ್ತಿ ಆದೆ?"

"ಹಾಗಲ್ಲ ಅಕ್ಕಾ. ಮೂರು ವಾರದಲ್ಲಿ ಏನು ಮಾಡೋಕಾಗುತ್ತೆ ಹೇಳಿ."

ಯೋಚಿಸಿ ಹೇಳುತ್ತೇನೆ ಅಂದು ಕಳಿಸಿ ಬಾಗಿಲು ಹಾಕಿಕೊಂಡೆ. ಅಮ್ಮ ಸೂಜಿಗೆ ನೂಲು ಪೋಣಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಶ್ರುತಿ ಇಳಿಸು. ಮೂರು ಮನೆ ಇಳಿಸಿದ್ರೆ ಸಾಕು, ಎಲ್ಲಾ ಹಾಡೂ ನಿನ್ನ ಕೈಗೆ ಸಿಗುತ್ತೆ."

"ನಿನಗೇನು ಗೊತ್ತಮ್ಮಾ ಇದೆಲ್ಲ."

ಅದನ್ನು ಹೇಳಿದ ರೀತಿ ಸರಿಯಿರಲಿಲ್ಲ. ಅವಳು ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು.

"ನನ್ನ ಗಂಟಲೂ ಹೀಗೇ ಹೋಗಿದ್ದು. ಮೂವತ್ತಮೂರಕ್ಕೆ. ಆಗ ಆಪರೇಷನ್ನು ಗೀಪರೇಷನ್ನು ಯಾರಿಗೆ ಗೊತ್ತಿತ್ತು. ಮೇಲಿಂದು ಹೋಯ್ತು, ಕೆಳಗಿಂದು ಉಳೀತು. ಮೂರು ಮನೆ ಇಳಿಸಿ, ಹಾಡ್ತೀನಿ ಅಂದೆ. ನಿಮ್ಮಪ್ಪ ಆಗಲ್ಲ ಅಂದ್ರು. ಮುಂದಿನ ವಾರ ನಿನ್ನನ್ನ ಎತ್ತಿ ಪೆಟ್ಟಿಗೆ ಮೇಲೆ ನಿಲ್ಲಿಸಿದ್ರು."

"ಸುಳ್ಳು ಹೇಳಬೇಡ. ನಿನಗೆ ಬೇಸರ ಬಂದು ನೀನೇ ಬಿಟ್ಟೆ."

"ಬೇಸರ ಬಂತು ಅಂತ ಹೇಳಿದ್ದು ನಾನಲ್ಲ."

ಅಷ್ಟೇ. ಯಂತ್ರದ ಮುಂದೆ ಹೋಗಿ ಕೂತಳು. ಸಂಜೆಯವರೆಗೂ ಅದರ ಸದ್ದು ಕೇಳಲಿಲ್ಲ. ಸತ್ತವರ ಮೇಲೆ ಹೇಳುವುದು ಸುಲಭ, ಅವರು ಬಂದು ಉತ್ತರ ಕೊಡುವುದಿಲ್ಲವಲ್ಲ. ಅಪ್ಪ ಹಾಗೆ ಮಾಡುವವರೇ ಅಲ್ಲ.

ಏಪ್ರಿಲ್ ೧೭, ಗುರುವಾರ

ಡ್ರಮ್ ಮಾವನ ಮನೆಗೆ ಹೋಗಿದ್ದೆ. ಅಪ್ಪನ ಬ್ಯಾಂಡಿನ ಮೊದಲ ದಿನದಿಂದ ಡ್ರಮ್ಸ್ ಬಾರಿಸಿದವರು, ನನ್ನನ್ನು ಎತ್ತಿ ಆಡಿಸಿದವರು. ಈಗ ಕಾಲು ಬರುವುದಿಲ್ಲ. ಕಿಟಕಿಯ ಪಕ್ಕ ಕೂತು ಕುರ್ಚಿಯ ಕೈಯ ಮೇಲೆ ಬೆರಳಾಡಿಸುತ್ತಿರುತ್ತಾರೆ. ಅಮ್ಮ ಹೇಳಿದ್ದು ಸುಳ್ಳು ಅಂತ ಅವರ ಬಾಯಲ್ಲಿ ಕೇಳಿಸಿಕೊಂಡು ಬರೋಣ ಅಂತಲೇ ಹೋದದ್ದು.

ಕೇಳಿದೆ. ಬೆರಳು ನಿಂತವು.

"ಮೂವತ್ತಾರು ಹಾಡು, ಒಂಬತ್ತು ವಾದ್ಯ. ಶ್ರುತಿ ಇಳಿಸಿದ್ರೆ ಎಲ್ಲರ ಸ್ವರದ ಹಾಳೆನೂ ಮತ್ತೆ ಬರೀಬೇಕಿತ್ತು. ಆಗೆಲ್ಲ ಕೈಬರಹ ನೋಡಮ್ಮ. ಒಂದೂವರೆ ತಿಂಗಳ ಕೆಲಸ. ಜೊತೆಗೆ, ಆ ಶ್ರುತಿಯಲ್ಲಿ ಟ್ರಂಪೆಟ್ ಮಂಕಾಗುತ್ತೆ ಅಂದ್ರು ನಿಮ್ಮಪ್ಪ. ಅದೂ ನಿಜವೇ."

"ಹಾಳೆ ಬರೆಯೋಕೆ ಬೇಸರವಾಗಿ ಅಮ್ಮನನ್ನ ಬಿಟ್ರಾ?"

"ಹಾಗೆ ಹೇಳಿದ್ರೆ ಅನ್ಯಾಯ ಆಗುತ್ತೆ. ಹೆದರಿದ್ರು. ಬ್ಯಾಂಡು ಒಡೆದುಹೋಗುತ್ತೆ ಅಂತ. ಹೆದರಿದವರು ಹತ್ತಿರದಲ್ಲಿ ಏನು ಸಿಗುತ್ತೋ ಅದನ್ನ ಹಿಡ್ಕೋತಾರೆ. ನೀನು ಸಿಕ್ಕಿದೆ."

"ನೀವ್ಯಾರೂ ಏನೂ ಹೇಳಲಿಲ್ವಾ ಮಾವ?"

"ನೀನು ಹಾಡಿಬಿಟ್ಟೆಯಲ್ಲಮ್ಮಾ. ಜನ ಎದ್ದು ನಿಂತ್ರು. ಆಮೇಲೆ ಯಾರು ಏನು ಹೇಳ್ತಾರೆ?"

ಏಳುವ ಹೊತ್ತಿಗೆ ಅವರೇ ಮತ್ತೆ ಶುರು ಮಾಡಿದರು. "ನಿಮ್ಮಪ್ಪ ಗಡಿಯಾರ ಕಣಮ್ಮ. ಒಂದು ಸಲವೂ ಹಿಂದೆಮುಂದೆ ಆದವರಲ್ಲ. ನಿಮ್ಮಮ್ಮನ ಜೊತೆ ಬಾರಿಸೋದು ಅಂದ್ರೆ ಬೇರೇನೇ. ಬೀಳ್ತಾಳೆ, ಬಿದ್ದೇಬಿಟ್ಲು ಅನ್ನೋಷ್ಟು ಹಿಂದೆ ಉಳಿಯೋಳು, ಬೀಳ್ತಿರಲಿಲ್ಲ. ಈಗ ನಿನ್ನ ರೆಕಾರ್ಡ್ ಹಾಕಿದಾಗ ನನ್ನ ಕೈ ಅದೇ ಜಾಗದಲ್ಲಿ ಕಾಯುತ್ತೆ."

ಬಸ್ಸು ಹತ್ತಲಿಲ್ಲ. ನಡೆದೇ ಬಂದೆ. ಎರಡು ಕಡೆ ದಾರಿ ತಪ್ಪಿತು, ನಲವತ್ತೇಳು ವರ್ಷ ಓಡಾಡಿದ ಊರಿನಲ್ಲಿ.

ಏಪ್ರಿಲ್ ೧೮

ಏನೂ ಮಾಡಲಿಲ್ಲ. ಅಮ್ಮನೂ ನಾನೂ ಉಪ್ಪು ಕೊಡು, ನೀರು ಕೊಡು ಅಂತ ಎರಡು ಮಾತಾಡಿದೆವು.

ಏಪ್ರಿಲ್ ೨೧, ಸೋಮವಾರ

ಪಿಯಾನೊದವನಿಗೆ ಫೋನ್ ಮಾಡಿ, ಕಾರ್ಯಕ್ರಮದ ಎಂಟು ಹಾಡನ್ನೂ ನಾನೇ ಹಾಡುತ್ತೇನೆ, ಹೊಸ ಹಾಳೆ ಕಳಿಸುತ್ತೇನೆ ಅಂದೆ. ಕಂಪ್ಯೂಟರಿಗೆ ಹಾಕಿದರೆ ತಾನೇ ಇಳಿಸಿಕೊಡುತ್ತದೆ ಅಂದ. ಬೇಡ ಅಂದೆ. ಯಾಕೆ ಬೇಡ ಅಂತ ನನಗೂ ಗೊತ್ತಿಲ್ಲ. ಅಪ್ಪನ ಕೈಬರಹದ ಹಳೆಯ ಹಾಳೆಗಳು ಕಪಾಟಿನಲ್ಲಿದ್ದವು, ಅವನ್ನೇ ಮುಂದಿಟ್ಟುಕೊಂಡು ಕೂತೆ. ಎಂಟು ಹಾಡು, ಈಗ ಆರೇ ವಾದ್ಯ. ಅಪ್ಪನ ಒಂದೊಂದು ಚುಕ್ಕೆಯನ್ನೂ ನೋಡಿ ಅದರ ಮೂರು ಮನೆ ಕೆಳಗೆ ನನ್ನದೊಂದು ಚುಕ್ಕೆ ಇಡಬೇಕು. ಎಷ್ಟು ಚೆಂದ ಬರೆದಿದ್ದರು. ಎಲ್ಲೂ ಹೊಡೆದುಹಾಕಿಲ್ಲ, ಎಲ್ಲೂ ಕೈ ನಡುಗಿಲ್ಲ.

ಕ್ಷಮಿಸು ಅನ್ನಬೇಕು ಅಂತ ಅಮ್ಮನ ಹತ್ತಿರ ಹೋದೆ. "ಹಾಳೆಗೆ ಗೆರೆ ಎಳೆದು ಕೊಡ್ತೀಯಾ?" ಅಂತ ಬಾಯಿಗೆ ಬಂತು.

"ಎಷ್ಟು ಬೇಕು?"

"ನೂರು ಹಾಳೆ ಆಗಬಹುದು."

ಹೊಲಿಗೆಯ ಮರದ ಅಳತೆಪಟ್ಟಿ ತಂದು ಎದುರು ಕೂತಳು. ಊಟದ ಹೊತ್ತು ಮೀರಿಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ಏಪ್ರಿಲ್ ೨೬, ಶನಿವಾರ

ದಿನಾ ನಾಲ್ಕರಿಂದ ಆರು ಪಿಯಾನೊದ ಮುಂದೆ. ಹಾಳೆಯಲ್ಲಿ ಎಲ್ಲ ಸರಿಯಿದೆ, ಬಾಯಲ್ಲಿ ಇಲ್ಲ. ಮೂರು ಮನೆ ಕೆಳಗೆ ಹಾಡಿದರೆ ನನ್ನ ಹಾಡುಗಳು ನನಗೇ ಗುರುತು ಸಿಗುವುದಿಲ್ಲ. ಮೇಲೆ ಹೋಗಿ ಜನರನ್ನು ಕುರ್ಚಿಯ ತುದಿಗೆ ತರುತ್ತಿದ್ದ ಜಾಗದಲ್ಲಿ ಈಗ ಏನೂ ಆಗುವುದಿಲ್ಲ.

"ಏನೂ ಆಗ್ತಿಲ್ಲ ಅಂತ ನೀನು ಗಟ್ಟಿಯಾಗಿ ಹಾಡ್ತೀಯ" ಅಂದಳು ಅಮ್ಮ. "ಅಲ್ಲಿ ಇನ್ನೂ ಮೆಲ್ಲಗೆ ಹೇಳು. ಎದುರಿಗಿರೋರು ತಾವೇ ಮುಂದಕ್ಕೆ ಬಗ್ಗಲಿ."

"ಹೇಳೋದು ಸುಲಭ."

"ಸರಿ, ಪಕ್ಕಕ್ಕೆ ಸರಿ."

ನಿಂತುಕೊಂಡೇ ಹಾಡಿದಳು, ಒಂದು ಕೈ ಪಿಯಾನೊದ ಮೇಲಿಟ್ಟುಕೊಂಡು. ರೈಲಿನ ಹಾಡು, ಮೊದಲಿನಿಂದ ಕೊನೆವರೆಗೆ. ದನಿಯಲ್ಲಿ ಬಿರುಕಿದೆ, ಬಿರುಕನ್ನು ಮುಚ್ಚುವುದಕ್ಕೆ ಹೋಗುವುದಿಲ್ಲ. ರೈಲು ಹೊರಟುಹೋಯಿತು ಅನ್ನುವ ಸಾಲಿಗೆ ಬಂದಾಗ ನಾನು ನುಡಿಸುವುದನ್ನು ನಿಲ್ಲಿಸಿಬಿಟ್ಟಿದ್ದೆ. ಅವಳು ಕಾಯಲಿಲ್ಲ, ಒಬ್ಬಳೇ ಮುಗಿಸಿದಳು.

"ಇಷ್ಟು ವರ್ಷ ಎಲ್ಲಿ ಹಾಡ್ತಿದ್ದೆ?"

"ಮನೇಲೇ. ನೀವಿಬ್ರೂ ಪ್ರಾಕ್ಟೀಸಿಗೆ ಹೋಗ್ತಿದ್ರಲ್ಲ, ಆಗ."

"ಯಾರಿಗೆ?"

"ಯಾರಿಗೆ ಅಂದ್ರೆ?" ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹಾಡೋಕೆ."

ಆಮೇಲೆ ನಾನು ಹಾಡಿದೆ. ಆರು ಸಲ ನಿಲ್ಲಿಸಿದಳು. ಎಲ್ಲಿ ಉಸಿರು ತೆಗೆಯಬೇಕು, ಯಾವ ಅಕ್ಷರವನ್ನು ಒರಗಿಕೊಳ್ಳುವುದಕ್ಕೆ ಬಳಸಬಹುದು ಎಲ್ಲ ತಿಳಿದಿದೆ ಅವಳಿಗೆ. ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.

ಮೇ ೩, ಶನಿವಾರ

ಬ್ಯಾಂಡಿನ ಜೊತೆ ಮೊದಲ ಪ್ರಾಕ್ಟೀಸು. ಕರೆಯದಿದ್ದರೂ ಅಮ್ಮ ಚೀಲ ಹಿಡಿದು ಹೊರಟಳು. ಮೂಲೆಯ ಕುರ್ಚಿಯಲ್ಲಿ ಕೂತು ಯಾರದೋ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು.

ಹೊಸ ಟ್ರಂಪೆಟ್ಟಿನವನು ಎರಡು ಹಾಡು ನುಡಿಸಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಮೇಡಂ, ಈ ಶ್ರುತಿಯಲ್ಲಿ ಟ್ರಂಪೆಟ್ಟು ಹೊಳೆಯಲ್ಲ. ಮಂಕಾಗಿಬಿಡುತ್ತೆ."

"ಮಂಕಾಗಿಯೇ ನುಡಿಸಿ" ಅಂದೆ.

ಅವನು ಪಿಯಾನೊದವನ ಮುಖ ನೋಡಿದ. ಪಿಯಾನೊದವನು ತನ್ನ ಹಾಳೆ ನೋಡಿದ. ಮೂಲೆಯಲ್ಲಿ ಅಮ್ಮ ನೂಲು ಕಡಿಯುವುದನ್ನು ಅರ್ಧಕ್ಕೆ ನಿಲ್ಲಿಸಿದಳು. ಟ್ರಂಪೆಟ್ಟಿನವನು ಮತ್ತೆ ನುಡಿಸಿದ, ಮೆಲ್ಲಗೆ, ಗಂಟಲು ಕಟ್ಟಿದವರ ಹಾಗೆ. ನಾನು ಅದರ ಪಕ್ಕದಲ್ಲಿ ಹೋಗಿ ನಿಂತೆ. ಹಾಡು ಮುಗಿಯಿತು. ಪಿಯಾನೊದವನು ಎದ್ದು ಹೋಗಿ ನೀರು ಕುಡಿದು ಬಂದ. "ಅಕ್ಕಾ, ಇನ್ನೊಂದು ಸಲ ತಗೊಳ್ಳೋಣ" ಅಂದ. ಸಂಗೀತ ಶಾಲೆಯ ಆ ಹುಡುಗಿಯ ಮಾತೇ ಬರಲಿಲ್ಲ.

ಮೇ ೯, ಶುಕ್ರವಾರ

ಪುಸ್ತಿಕೆಗೆ ಬರೆದದ್ದನ್ನು ಕೊನೆಗೂ ಕಳಿಸಿದೆ. ಒಂದು ಪುಟ ಕೇಳಿದ್ದರು, ಎರಡಾಯಿತು. ಅಪ್ಪ ಮೊದಲ ಪುಟದಲ್ಲಿದ್ದಾರೆ. ಅಚ್ಚು ಮಾಡುವವನು ಫೋನ್ ಮಾಡಿ ಎರಡನೆಯದನ್ನು ಮೊಟಕು ಮಾಡಬಹುದೇ ಅಂದ. ಮೊದಲನೆಯದನ್ನು ಮಾಡಿ ಅಂದೆ.

ಡಬ್ಬಿಗಳನ್ನು ಮತ್ತೆ ಇಳಿಸಿ ಜೋಡಿಸುತ್ತಿದ್ದೇನೆ. ಅಮ್ಮ ನೋಡಿಯೂ ನೋಡದ ಹಾಗಿದ್ದಾಳೆ.

ಮೇ ೧೧, ಭಾನುವಾರ

ನಿನ್ನೆ ಕಾರ್ಯಕ್ರಮವಾಯಿತು.

ಮೊದಲ ಮೂರು ಹಾಡು ಸರಿಹೋದವು. ಜನ ಸ್ವಲ್ಪ ಗಲಿಬಿಲಿಯಲ್ಲಿದ್ದರು. ಅವರು ಕಾದಿದ್ದ ಜಾಗಗಳಲ್ಲಿ ನಾನು ಮೇಲೆ ಹೋಗಲಿಲ್ಲ. ಚಪ್ಪಾಳೆ ಬಂತು, ಹಳೆಯ ಪರಿಚಯಕ್ಕೆ ಕೊಡುವಂಥದ್ದು. ನಾಲ್ಕನೆಯದು ರೈಲಿನ ಹಾಡು. ಎರಡನೆಯ ಚರಣದಲ್ಲಿ ರೈಲು ಹೊರಟುಹೋಯಿತು ಅನ್ನಲು ಬಾಯಿ ತೆರೆದೆ, ಸ್ವರ ಹುಟ್ಟಲಿಲ್ಲ. ಕೆಳಗಿನದೇ, ನನ್ನದೇ ಅಂದುಕೊಂಡಿದ್ದ ಸ್ವರ. ಗಾಳಿಯೂ ಬರಲಿಲ್ಲ.

ಏಳು ವರ್ಷದ ನನಗೆ ಹೀಗಾಗಿದ್ದರೆ ಅಳುತ್ತಿದ್ದೆ. ಮೂವತ್ತರಲ್ಲಾಗಿದ್ದರೆ ಗಂಟಲು ಹರಿದುಕೊಂಡಾದರೂ ಹಿಡಿಯುತ್ತಿದ್ದೆ. ನಿನ್ನೆ ಯಾಕೋ ಬಾಯಿ ಮುಚ್ಚಿಕೊಂಡು ನಿಂತೆ. ಬ್ಯಾಂಡು ನಿಲ್ಲಿಸಲಿಲ್ಲ. ತಾಳದ ಒಂದು ಸುತ್ತು ಹೋಯಿತು. ಎರಡನೆಯದೂ ಹೋಯಿತು. ಸಭೆಯಲ್ಲಿ ಯಾರೋ ಕುರ್ಚಿ ಸರಿಸಿದ್ದು ಕೇಳಿಸಿತು. ಟ್ರಂಪೆಟ್ಟಿನವನು ನನ್ನ ಕಡೆ ನೋಡಿ ಒಂದೇ ಒಂದು ಸ್ವರ ಹಿಡಿದುಕೊಂಡು ನಿಂತ, ಕೈ ಚಾಚಿದ ಹಾಗೆ. ಮೂರನೆಯ ಸುತ್ತಿಗೆ ನಾನು ಬಂದೆ, ಹೆಚ್ಚುಕಡಿಮೆ ಮಾತಾಡುವ ದನಿಯಲ್ಲಿ. ಮುಂದಿನ ಸಾಲುಗಳಲ್ಲಿದ್ದವರು ಬಗ್ಗಿ ಕೂತಿದ್ದರು. ಮುಗಿದ ಕೂಡಲೇ ಚಪ್ಪಾಳೆ ಬರಲಿಲ್ಲ. ಸೋತೆ ಅಂದುಕೊಂಡೆ. ಆಮೇಲೆ ಡ್ರಮ್ ಮಾವ, ಗಾಲಿಕುರ್ಚಿಯಲ್ಲಿ ಬಂದಿದ್ದವರು, ಕುರ್ಚಿಯ ಕೈಯ ಮೇಲೆ ಬಡಿಯತೊಡಗಿದರು. ಉಳಿದವರು ಎದ್ದರು.

ವೇದಿಕೆಯ ಹಿಂದಿನ ಬಣ್ಣದ ಕೋಣೆಯಲ್ಲಿ ಅಮ್ಮ ನನ್ನ ಶಾಲು ಮಡಿಸುತ್ತಿದ್ದಳು.

"ಎರಡು ಸುತ್ತು ಬಿಟ್ಟೆಯಲ್ಲ, ಬೇಕು ಅಂತ ಬಿಟ್ಟೆಯಾ?"

"ಇಲ್ಲಮ್ಮ. ಸ್ವರ ಬರಲಿಲ್ಲ."

ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸಿದಳು. "ಇನ್ಮೇಲೆ ಬೇಕು ಅಂತ ಬಿಡು."

ಇವತ್ತು ಬೆಳಗ್ಗೆ ಎದ್ದು ನೋಡಿದರೆ ಅವಳ ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿತ್ತು. ನನಗೆ ವಾಸಿಯಾಯಿತಲ್ಲ, ಹೊರಡುತ್ತೇನೆ ಅಂದಳು. ಯಂತ್ರ ನಾನು ಕೆಳಗಿಳಿಸಲಾರೆ ಅಂದೆ. ಒಂದೊಂದೇ ಮೆಟ್ಟಿಲು ಅಂತ ಶುರು ಮಾಡುವಷ್ಟರಲ್ಲಿ, ನಿನಗೆ ಇನ್ನೂ ಎಷ್ಟು ಹಾಡು ಬರುತ್ತವೆ ಅಂತ ಕೇಳಿದೆ. ಅಮ್ಮ ಮೇಲೆ ನೋಡುತ್ತ ಎಣಿಸಿದಳು. ಅಪ್ಪ ಬರೆಯದಿದ್ದವು, ತಾನೇ ಕಟ್ಟಿ ಯಾರಿಗೂ ಹೇಳದಿದ್ದವು ಹನ್ನೊಂದಿವೆಯಂತೆ. ಹನ್ನೆರಡನೆಯದಕ್ಕೆ ಕೊನೆಯ ಸಾಲು ಸಿಕ್ಕಿಲ್ಲವಂತೆ.

ಇನ್ನೂ ಬರೆಯಬೇಕಿತ್ತು. ಪಿಯಾನೊದ ಮುಚ್ಚಳ ತೆಗೆದ ಸದ್ದಾಯಿತು. ಕರೆಯುತ್ತಿದ್ದಾಳೆ.